ತೆಳು ಲಕೋಟೆ

ಆ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ವೆಂಡೆಲ್ ಪ್ರುಯಿಟ್ ಒಂದೇ ಜಾಗದಲ್ಲಿ ಎರಡು ಸಲ ಕೊಯ್ದುಕೊಂಡ. ಗಲ್ಲಕ್ಕೆ ಕಾಗದದ ಚೂರು ಅಂಟಿಸಿಕೊಂಡು ಕನ್ನಡಿಯ ಮುಂದೆ ನಿಂತಿದ್ದವನಿಗೆ ಅಡುಗೆಮನೆಯಲ್ಲಿ ಹೆಂಡತಿ ಫೋನಿನಲ್ಲಿ ಮಾತಾಡುತ್ತಿರುವುದು ಕೇಳಿಸುತ್ತಿತ್ತು. ಅಯ್ಯೋ, ಪರವಾಗಿಲ್ಲ ಬಿಡಮ್ಮ, ಜೇನುತುಪ್ಪ ಹಾಕಿಕೊಂಡು ಬಿಸಿನೀರು ಕುಡಿ, ಮಾತಾಡಬೇಡ, ಎನ್ನುತ್ತಿದ್ದಳು ಅಡೆಲಾ. ಆ ಕಡೆ ಇದ್ದವಳು ಕಾಲೇಜಿನ ಉಪನ್ಯಾಸಕಿ ಮಿಸ್ ಗ್ರೆಶಮ್ ಎಂದು ಅವನಿಗೆ ತಿಳಿಯಿತು. ಅಡೆಲಾಳ ಕಣ್ಣು ಹೋಗತೊಡಗಿದ ಎರಡು ವರ್ಷದಿಂದ, ಸಭೆಗಳಲ್ಲಿ ಅವಳ ಪಕ್ಕ ಕೂತು ಅವಳ ಕಥೆಗಳನ್ನು ಓದಿಕೊಡುತ್ತಿದ್ದವಳು ಆ ಹುಡುಗಿಯೇ. ಫೋನು ಇಟ್ಟ ಸದ್ದಾಯಿತು. ವೆಂಡೆಲ್‌ಗೆ ಯಾಕೋ ಬಚ್ಚಲಿನಿಂದ ಹೊರಗೆ ಬರಲು ಮನಸ್ಸಾಗಲಿಲ್ಲ.

"ಗಂಟಲು ಪೂರ್ತಿ ಕೂತುಹೋಗಿದೆಯಂತೆ ಪಾಪ," ಎಂದಳು ಅಡೆಲಾ, ಅವನು ಬಂದು ಕಾಫಿ ಬಗ್ಗಿಸಿಕೊಳ್ಳುವಾಗ. "ಇವತ್ತು ಕಾಲೇಜಿನ ಸಭೆಯಲ್ಲಿ ನೀನೇ ಓದಬೇಕು."

"ನಾನಾ? ತಮಾಷೆ ಮಾಡ್ತಿದ್ದೀಯಾ?"

"ಯಾಕೆ, ಮೂವತ್ತೈದು ವರ್ಷ ಅಂಚೆ ಹಂಚಿ ಊರಿನವರ ವಿಳಾಸ ಎಲ್ಲಾ ಓದಿದ್ದೀಯಲ್ಲ. ವಿಳಾಸಕ್ಕಿಂತ ಸ್ವಲ್ಪ ಉದ್ದ ಇರುತ್ತೆ, ಅಷ್ಟೆ."

"ಯಾವ ಕಥೆ?"

"'ಹನ್ನೆರಡು ಅಂಗಿ'. ಅವರೇ ಕೇಳಿದ್ದು. ಮೊದಲನೆಯದನ್ನೇ ಕೇಳ್ತಾರೆ ನೋಡು ಎಲ್ಲರೂ, ಆಮೇಲೆ ಬರೆದಿದ್ದೆಲ್ಲ ದಂಡ ಅನ್ನೋ ಹಾಗೆ."

ಅವನು ಕಾಫಿಯ ಹೂಜಿಯನ್ನು ಒಲೆಯ ಮೇಲಿಡಲು ಹೋಗಿ ಪಕ್ಕಕ್ಕಿಟ್ಟ. ಅವಳು ಅವನ ಕಡೆ ನೋಡಲೆಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಅವಳ ನೋಟದ ನಡುಭಾಗ ಅಳಿಸಿಹೋಗಿ ಅಂಚು ಮಾತ್ರ ಉಳಿದಿತ್ತು. ಯಾರನ್ನಾದರೂ ಕಾಣಬೇಕಾದರೆ ಅವರಿಂದ ಮುಖ ತಿರುಗಿಸಬೇಕಿತ್ತು. ಗೊತ್ತಿಲ್ಲದವರು ಅದನ್ನು ಜಂಬ ಎಂದುಕೊಳ್ಳುತ್ತಿದ್ದರು. ವೆಂಡೆಲ್‌ಗೆ ಮಾತ್ರ, ಅವಳು ಬೇರೆಲ್ಲೋ ನೋಡುತ್ತಿದ್ದಾಳೆ ಎನ್ನುವಾಗಲೇ ಎದೆ ಹೊಡೆದುಕೊಳ್ಳುತ್ತಿತ್ತು.

"ಒಂದು ಸಲ ಓದಿ ನೋಡ್ಕೊಳ್ಳಲಾ?"

"ಬೇಡ. ಅಭ್ಯಾಸ ಮಾಡಿದರೆ ನಾಟಕ ಮಾಡ್ತೀಯ. ನಿನಗೇನು, ಎಷ್ಟು ಸಲ ಓದಿಲ್ಲ ಅದನ್ನ."

ಒಂದು ಸಲವೂ ಓದಿರಲಿಲ್ಲ. ಅವಳ ಬಾಕಿ ಕಥೆಗಳನ್ನೆಲ್ಲ ಓದಿದ್ದ. ಮೂರು ತೆಳ್ಳಗಿನ ಪುಸ್ತಕ, ನಲವತ್ತೊಂದು ಕಥೆ. ಕೆಲವನ್ನು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುವಷ್ಟು ಓದಿದ್ದ. ನದಿಯಾಚೆಯ ಊರಿನ ಲೈಬ್ರರಿಯಲ್ಲಿ, ಕಪಾಟಿನ ಸಂದಿಯಲ್ಲಿ ನಿಂತೇ ಓದಿ ಮುಗಿಸಿ, ಏನನ್ನೋ ಕದ್ದವನ ಹಾಗೆ ಹೊರಗೆ ಬಂದದ್ದೂ ಇತ್ತು. ತನಗೆ ದಿನಾ ಕಾಣುವ ಜನರೇ, ಪಿಂಗಾಣಿ ಕಾರ್ಖಾನೆಯ ಭಟ್ಟಿಯವರು, ಹೋಟೆಲಿನ ಕೋಣೆ ಗುಡಿಸುವವರು, ಸೇತುವೆಯ ಸುಂಕದ ಕಟ್ಟೆಯಲ್ಲಿ ಕೂತ ಮುದುಕ, ಅವಳ ಪುಟಗಳಲ್ಲಿ ಬಂದಾಗ ಅವರನ್ನು ತಾನು ನೋಡಿಯೇ ಇರಲಿಲ್ಲ ಎನ್ನಿಸುತ್ತಿತ್ತು. ಪ್ರತಿ ಮನೆಯ ಬಾಗಿಲಿಗೂ ಹೋಗಿಬರುತ್ತಿದ್ದವನು ತಾನು. ಎಲ್ಲರನ್ನೂ ಕಂಡವಳು, ಕಾರ್ಖಾನೆಯಲ್ಲಿ ದಿನವಿಡೀ ತಲೆ ತಗ್ಗಿಸಿ ಕಪ್ಪುಗಳ ಅಂಚಿಗೆ ಚಿನ್ನದ ಗೆರೆ ಎಳೆಯುತ್ತಿದ್ದ ಅವಳು. ಅದರಲ್ಲಿ ಅವನಿಗೆ ಹೆಮ್ಮೆಯೇ ಇತ್ತು. ಆದರೆ ಆ ಮೊದಲನೆಯ ಕಥೆ ಬಂದಾಗಲೆಲ್ಲ ಪುಟಗಳನ್ನು ಒಟ್ಟಾಗಿ ಹಿಡಿದು ಮಗುಚಿಬಿಡುತ್ತಿದ್ದ.

ಕಾಲೇಜು ನಲವತ್ತು ಮೈಲಿ. ಅಕ್ಟೋಬರಿನ ಬಿಸಿಲು ಒಹಾಯೋ ನದಿಯ ಮೇಲೆ ಬಿದ್ದು ಕಾರಿನೊಳಗೆಲ್ಲ ಅಲುಗುತ್ತಿತ್ತು. ಅಡೆಲಾ ಮಡಿಲಲ್ಲಿ ಕೈಚೀಲವಿಟ್ಟುಕೊಂಡು, ಕಾಣದಿದ್ದರೂ ದಾರಿಯ ತಿರುವುಗಳನ್ನು ಒಂದೊಂದಾಗಿ ಹೇಳುತ್ತ ಬಂದಳು. ಅವನು ಹೂಂಗುಟ್ಟುತ್ತಿದ್ದ. ಮನಸ್ಸು ಮೂವತ್ತು ವರ್ಷ ಹಿಂದಕ್ಕೆ ಹೋಗಿತ್ತು. ಸಾವಿರದ ಒಂಬೈನೂರ ಐವತ್ತೈದು, ಐವತ್ತಾರರಲ್ಲಿ ಅವಳು ಪತ್ರಿಕೆಗಳಿಗೆ ಕಥೆ ಕಳಿಸುವಾಗಲೆಲ್ಲ ಜೊತೆಗೆ ತನ್ನ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಒಂದು ದೊಡ್ಡ ಕಂದು ಲಕೋಟೆ ಇಡುತ್ತಿದ್ದಳು. ಬೇಡವಾದ ಕಥೆ ಅದರಲ್ಲೇ ಹಿಂದಿರುಗುತ್ತಿತ್ತು. ಅವಳ ಕೈಬರಹ, ಅವಳದೇ ಹೆಸರು, ದಪ್ಪ ಲಕೋಟೆ. ಅಂಚೆಕಚೇರಿಯ ವಿಂಗಡಿಸುವ ಮೇಜಿನ ಮೇಲೆ ಅದು ಕಂಡ ಕೂಡಲೇ ಅವನ ಜೊತೆಯವರು, "ವೆಂಡೆಲ್, ನಿನ್ನ ಹೆಂಡತಿ ಮತ್ತೆ ತನಗೆ ತಾನೇ ಕಾಗದ ಬರ್ಕೊಂಡಿದಾಳೆ ನೋಡೋ!" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಚೀಲದಲ್ಲಿ ಹಾಕಿಕೊಂಡು ಗುಡ್ಡ ಹತ್ತುವಾಗ, ಪಾಪ ಎಷ್ಟು ನೊಂದುಕೊಳ್ಳುತ್ತಾಳೋ ಎಂದುಕೊಳ್ಳುವುದು ನಿಜವೇ ಆಗಿತ್ತು; ಆದರೆ ಅವಳ ಸೋಲಿನ ಆ ಭಾರ ಹೆಗಲಿಗೆ ಹಿತವಾಗಿತ್ತು ಎನ್ನುವುದೂ ನಿಜ. ಸಂಜೆ ಪಾಠ ಹೇಳುತ್ತಿದ್ದ ಮೇಷ್ಟ್ರೊಬ್ಬ ಅವಳಿಗೆ, ಯಾವುದಾದರೂ ಪತ್ರಿಕೆ ಒಂದು ಕಥೆ ತಗೊಂಡರೆ ಸಾಕು, ನೀನು ಈ ಊರಲ್ಲಿರಬಾರದು, ನ್ಯೂಯಾರ್ಕಿಗೆ ಹೋಗಿಬಿಡು ಎಂದಿದ್ದ. ಅದನ್ನು ಅವಳು ಊಟಕ್ಕೆ ಕೂತಾಗ ನಗುತ್ತ ಹೇಳಿದ್ದಳು. ನಗು ನಿಂತ ಮೇಲೂ ಅವಳ ಕಣ್ಣು ತಟ್ಟೆಗೆ ವಾಪಸು ಬಂದಿರಲಿಲ್ಲ.

ಐವತ್ತೇಳರ ಮಾರ್ಚಿನಲ್ಲಿ ತೆಳು ಲಕೋಟೆ ಬಂತು. ಬಿಳಿ, ಮೂಲೆಯಲ್ಲಿ ಪತ್ರಿಕೆಯ ಹೆಸರು ಅಚ್ಚಾಗಿತ್ತು, ಒಳಗೆ ಒಂದೇ ಹಾಳೆ. ಒಡೆಯಬೇಕಾಗಿರಲಿಲ್ಲ. ಅವಳ 'ಹನ್ನೆರಡು ಅಂಗಿ' ಹಿಂದಿರುಗಿಲ್ಲವೆಂದರೆ ಇಟ್ಟುಕೊಂಡಿದ್ದಾರೆ ಎಂದೇ ಅರ್ಥ. ಅವನು ಅದನ್ನು ಚೀಲಕ್ಕೆ ಹಾಕದೆ ಕೋಟಿನ ಒಳಜೇಬಿಗೆ ಹಾಕಿದ. ನಾಳೆ ಕೊಟ್ಟರಾಯಿತು ಎಂದುಕೊಂಡ, ಅಷ್ಟೇ. ಅವಳು ಈಸ್ಟರ್ ಹಬ್ಬದ ಬೇಡಿಕೆಗೆಂದು ಕಾರ್ಖಾನೆಯಲ್ಲಿ ಎರಡು ಪಾಳಿ ಮಾಡುತ್ತಿದ್ದಳು, ಮನೆಗೆ ಬರುವಾಗ ಬೆರಳು ಮಡಿಸಲೂ ಆಗುತ್ತಿರಲಿಲ್ಲ. ಇಂಥ ಸುದ್ದಿ ಕೇಳುವ ಸ್ಥಿತಿಯಲ್ಲಿ ಇದ್ದಾಳೆಯೇ ಎಂದು ತನಗೆ ತಾನೇ ನೆಪ ಹೇಳಿಕೊಂಡ. ಹಾಗೆ ಹನ್ನೊಂದು ದಿನವಾಯಿತು.

ಅದೊಂದೇ ಆಗಿದ್ದರೆ ಯಾವತ್ತೋ ಹೇಳಿ ಹಗುರವಾಗುತ್ತಿದ್ದನೇನೋ. ಅಡೆಲಾಳ ತಾಯಿ ಲವೀನಾ ಕೆಳಗಿನ ಬೀದಿಯಲ್ಲಿ ಒಬ್ಬಳೇ ಇದ್ದಳು, ಹೋಟೆಲಿನ ಗಿರಾಕಿಗಳ ಅಂಗಿಗಳನ್ನು ಮನೆಗೆ ತಂದು ಇಸ್ತ್ರಿ ಮಾಡಿಕೊಡುತ್ತಿದ್ದಳು. ಮಗಳಿಗೆ ಟೈಪ್‌ರೈಟರ್ ಕೊಡಿಸಿದ್ದು ಆ ಇಸ್ತ್ರಿಯ ಕಾಸೇ. ಎದೆಬೇನೆ ಇತ್ತು. ಆದರೂ ದಿನಾ ಬೆಳಿಗ್ಗೆ ಅವನು ಬರುವ ಹೊತ್ತಿಗೆ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು. "ನನ್ನ ಮಗಳಿಗೆ ಏನಾದರೂ ಬಂತೇನಯ್ಯಾ?" ಎಂದು ಕೇಳುತ್ತಿದ್ದಳು. "ಇಲ್ಲ," ಎನ್ನುತ್ತಿದ್ದ. ಏಳು ದಿನ ಕೇಳಿದಳು, ಏಳು ದಿನ ಇಲ್ಲವೆಂದ. ಎಂಟನೆಯ ದಿನ ಗೇಟಿನಲ್ಲಿ ಯಾರೂ ಇರಲಿಲ್ಲ. ಒಳಗೆ ಹೋದರೆ, ಇಸ್ತ್ರಿ ಮೇಜಿನ ಪಕ್ಕದ ಕುರ್ಚಿಯಲ್ಲಿ ತಲೆ ವಾಲಿಸಿ ಕೂತಿದ್ದಳು, ಕೈ ತಣ್ಣಗಿತ್ತು. ಆ ಕ್ಷಣ ತನ್ನೊಳಗೆ ಏನು ಹಾದುಹೋಯಿತು ಎನ್ನುವುದನ್ನು ವೆಂಡೆಲ್ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಮರೆತಿರಲಿಲ್ಲ. ದುಃಖಕ್ಕೂ ಮೊದಲು, ಕಣ್ಣುರೆಪ್ಪೆ ಮುಚ್ಚಿ ತೆರೆಯುವಷ್ಟು ಹೊತ್ತು, ಇವತ್ತು ಕೇಳುವವರಿಲ್ಲ ಎನ್ನಿಸಿತ್ತು.

ಲವೀನಾ ತೀರಿಕೊಂಡ ಮೂರನೆಯ ದಿನ ಅಡೆಲಾಗೆ ಲಕೋಟೆ ಕೊಟ್ಟ. ಸಮಾಧಾನವಾಗಲಿ ಎಂದು. ಅವಳು ಓದಿದಳು, ಮೇಲಿನ ತಾರೀಕು ನೋಡಿ, "ಇಷ್ಟು ದಿನ ಹಿಡೀತಾ?" ಎಂದಳು. ಪಿಟ್ಸ್‌ಬರ್ಗ್ ಕಡೆ ಹಿಮ ಬಿದ್ದು ರೈಲು ನಿಂತಿತ್ತು ಎಂದ. ಅವಳು ಹಾಳೆಯನ್ನು ಮಡಿಸುತ್ತ, "ಅಮ್ಮನಿಗೆ ಇನ್ನು ಮೂರು ದಿನ ಕಾಯಕ್ಕಾಗಲಿಲ್ಲ," ಎಂದಳು. ನ್ಯೂಯಾರ್ಕಿಗೂ ಹೋಗಲಿಲ್ಲ. ಹೋಗುವ ಯೋಚನೆ ಅವಳಿಗೆ ಇತ್ತೇ ಎನ್ನುವುದೂ ಅವನಿಗೆ ಗೊತ್ತಾಗಲಿಲ್ಲ.

"ಸೇತುವೆ ಬಂತು ಅಲ್ವಾ?" ಎಂದಳು ಅಡೆಲಾ. ಬಂದು ಹೋಗಿತ್ತು.

ಕಾಲೇಜಿನ ಬಾಗಿಲಲ್ಲಿ ನಿಂತಿದ್ದ ದಪ್ಪ ಮನುಷ್ಯ, ವಿಭಾಗದ ಮುಖ್ಯಸ್ಥನಂತೆ, ಅಡೆಲಾಳ ಎರಡೂ ಕೈ ಹಿಡಿದುಕೊಂಡು, ಅವಳ ಕೋಟು ತೆಗೆದು ವೆಂಡೆಲ್‌ನ ತೋಳಿನ ಮೇಲೆ ಹಾಕಿ, "ಡ್ರೈವರ್‌ಗೆ ಹಿಂದಿನ ಕೋಣೆಯಲ್ಲಿ ಕಾಫಿ ಇದೆ," ಎಂದ. ವೆಂಡೆಲ್ ಕೋಟು ಹಿಡಿದುಕೊಂಡು ಹಿಂದಿನ ಕೋಣೆಯ ಕಡೆಗೆ ನಡೆದೇಬಿಟ್ಟಿದ್ದ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅವಳ ದನಿ ಕೇಳಿಸಿತು. "ನನ್ನ ಗಂಡನನ್ನ ಎಲ್ಲಿಗೆ ಕಳಿಸ್ತಿದ್ದೀರಿ? ಇವತ್ತು ಓದೋನು ಅವನೇ." ಮುಖ್ಯಸ್ಥ ಕೆಂಪಾಗಿ ಏನೇನೋ ಹೇಳಿದ. ಡ್ರೈವರ್ ಎನ್ನಿಸಿಕೊಂಡದ್ದಕ್ಕಿಂತ, ಅದನ್ನು ಕೇಳಿ, ಓದುವುದು ತಪ್ಪಿತಲ್ಲ ಎಂದು ತನಗೆ ಆದ ನಿರಾಳವೇ ವೆಂಡೆಲ್‌ನನ್ನು ನಾಚಿಸಿತು.

ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ಕಿಟಕಿಯ ಕಟ್ಟೆಗಳ ಮೇಲೂ ಹುಡುಗರು ಕೂತಿದ್ದರು. ಮೊದಲ ಸಾಲಿನ ಹುಡುಗಿಯೊಬ್ಬಳು ಎದ್ದುಬಂದು ಅಡೆಲಾಳ ಮುಂದೆ ಮಂಡಿಯೂರಿ ಕೂತಳು. "ನಾನು ಕೋಳಿಮಾಂಸದ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದೆ ಮೇಡಂ. ಊಟದ ಬಿಡುವಲ್ಲಿ ಯಾರೋ ಬಿಟ್ಟುಹೋಗಿದ್ದ ನಿಮ್ಮ ಪುಸ್ತಕ ಸಿಕ್ತು. ಗಂಟೆ ಹೊಡೆದಿದ್ದೂ ಕೇಳಿಸಲಿಲ್ಲ. ನಮ್ಮಂಥೋರ ವಿಷಯಾನೂ ಬರೀಬಹುದು ಅಂತ ನನಗೆ ಅವತ್ತು ಗೊತ್ತಾಯ್ತು."

"ಮೇಸ್ತ್ರಿ ಬೈದನಾ?" ಎಂದಳು ಅಡೆಲಾ.

"ಅರ್ಧ ದಿನದ ಕೂಲಿ ಹಿಡ್ಕೊಂಡ."

"ಹಾಗಾದರೆ ಮೊದಲು ಆ ಮೇಸ್ತ್ರಿ ಬಗ್ಗೆ ಬರಿ. ಆದರೆ ಅವನಿಗೂ ಮನೆಯಲ್ಲಿ ಯಾರೋ ಕಾಯ್ತಿರ್ತಾರೆ, ಅದನ್ನ ಮರೀಬೇಡ."

ವೆಂಡೆಲ್ ಓದಲು ನಿಂತ. ಹಾಳೆಗಳನ್ನು ಮೇಜಿಗೆ ಒತ್ತಿ ಹಿಡಿದ. ಕಥೆ ಸಣ್ಣದು. ಒಬ್ಬ ಹೆಂಗಸು ಹೋಟೆಲಿನ ಅಪರಿಚಿತರ ಹನ್ನೆರಡು ಅಂಗಿಗೆ ಇಸ್ತ್ರಿ ಹಾಕುತ್ತಾಳೆ. ಒಂದೊಂದು ಅಂಗಿಯ ಕಾಲರು, ತೋಳು, ಬೆವರಿನ ಕಲೆ ನೋಡಿ ಅದರೊಳಗಿನ ಮನುಷ್ಯ ಎಂಥವನಿರಬಹುದೆಂದು ಯೋಚಿಸುತ್ತಾಳೆ. ಹನ್ನೆರಡನೆಯದರಲ್ಲಿ ಎದೆಯ ಹತ್ತಿರ ಒಂದು ಗುಂಡಿ ಇಲ್ಲ. ತೀರಿಕೊಂಡ ತನ್ನ ಗಂಡನ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು, ಅದರ ಗುಂಡಿ ಬಿಚ್ಚಿ ಇದಕ್ಕೆ ಹೊಲಿಯುತ್ತಾಳೆ. ಮರುದಿನ ಆ ಗಿರಾಕಿ ಅಂಗಿ ಹಾಕಿಕೊಂಡು ರೈಲು ಹತ್ತಿ ಹೋಗಿಬಿಡುತ್ತಾನೆ. ಅಷ್ಟೇ. ಅವನು ವಿಳಾಸ ಓದುವ ಹಾಗೇ ಓದುತ್ತ ಹೋದ, ಏರಿಳಿತವಿಲ್ಲದೆ. ಮೂರನೆಯ ಅಂಗಿಯ ಹೊತ್ತಿಗೆ ಇಸ್ತ್ರಿಪೆಟ್ಟಿಗೆಗೆ ಬೆರಳು ಒದ್ದೆ ಮಾಡಿ ತಾಗಿಸಿ ನೋಡುವ ಆ ಹೆಂಗಸು ಲವೀನಾ ಆದಳು. ಮಗಳ ಮೊದಲ ಕಥೆಯೊಳಗೆ ತಾನೇ ನಿಂತಿದ್ದೇನೆ ಎಂದು ಲವೀನಾಗೆ ಗೊತ್ತಿರಲಿಲ್ಲ. ಗೊತ್ತಾಗುವುದಿತ್ತು, ಒಂದು ಕೋಟಿನ ದಪ್ಪದಷ್ಟು ದೂರದಲ್ಲಿತ್ತು ಆ ಸುದ್ದಿ, ಏಳು ದಿನ, ಗೇಟಿನ ಈಚೆ. ತಾನು ಮುಚ್ಚಿಟ್ಟದ್ದು ಯಾವುದೋ ಪತ್ರಿಕೆಯ ಒಂದು ಹಾಳೆ ಎಂದೇ ವೆಂಡೆಲ್ ಇಷ್ಟು ವರ್ಷ ಅಂದುಕೊಂಡಿದ್ದ. ಗುಂಡಿಯ ವಾಕ್ಯಕ್ಕೆ ಬಂದಾಗ ಅಕ್ಷರಗಳು ಕಲಸಿಹೋದವು. ನಿಂತುಬಿಟ್ಟ. ಪಕ್ಕದ ಕುರ್ಚಿಯಿಂದ ಅಡೆಲಾ ತಲೆಯೆತ್ತದೆ ಮುಂದಿನ ವಾಕ್ಯವನ್ನು ಮೆಲ್ಲಗೆ, ಅವನಿಗಷ್ಟೇ ಕೇಳುವಂತೆ ಹೇಳಿದಳು. ಅವನು ಅದನ್ನು ಎತ್ತಿಕೊಂಡು ಕೊನೆಯವರೆಗೆ ಓದಿದ. ಚಪ್ಪಾಳೆ ತಕ್ಷಣ ಬರಲಿಲ್ಲ. ಬಂದ ಮೇಲೆ ನಿಲ್ಲಲಿಲ್ಲ.

ಆಮೇಲೆ ಹುಡುಗನೊಬ್ಬ ಕೇಳಿದ, ಈ ಕಥೆ ಸ್ವೀಕಾರವಾಯಿತು ಅಂತ ಗೊತ್ತಾದ ದಿನ ಹೇಗಿತ್ತು ಮೇಡಂ ಎಂದು. ಅಡೆಲಾ ನಕ್ಕಳು. "ಇವನೇ ನಮ್ಮ ಪೋಸ್ಟ್‌ಮ್ಯಾನ್. ನಮ್ಮಮ್ಮ ಹೋಗಿ ಮೂರು ದಿನ ಆಗಿತ್ತು. ನಾನು ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದೆ. ಇವನು ಬಂದ, ಚೀಲಾನೂ ಇಳಿಸಲಿಲ್ಲ, ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು, ಏನೋ ತಪ್ಪು ಮಾಡಿದವನ ಹಾಗೆ ನಿಂತು ಕಾಗದ ಕೊಟ್ಟ. ನಾನು ಓದಿ ಮುಗಿಸೋವರೆಗೂ ಕದಲಲಿಲ್ಲ. ನನಗಿಂತ ಹೆಚ್ಚು ಅವನೇ ಅದಕ್ಕೆ ಕಾದಿದ್ದ ಅಂತ ನನಗೆ ಅವತ್ತು ತಿಳೀತು. ಊರು ಬಿಟ್ಟು ಹೋಗೋ ಮನಸ್ಸು ಇದ್ದಿದ್ದೂ ಅವತ್ತೇ ಹೋಯ್ತು." ಸಭೆಯೆಲ್ಲ ಅವನ ಕಡೆ ತಿರುಗಿ ಚಪ್ಪಾಳೆ ತಟ್ಟಿತು. ಆ ದಪ್ಪ ಮುಖ್ಯಸ್ಥ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ. ವೆಂಡೆಲ್ ಎದ್ದು ನಿಂತ, ಯಾಕೆಂದರೆ ಎಲ್ಲರೂ ಅದನ್ನೇ ನಿರೀಕ್ಷಿಸುತ್ತಿದ್ದರು. ಗಲ್ಲದ ಮೇಲಿನ ಕಾಗದದ ಚೂರು ಬೆಳಗಿನಿಂದ ಹಾಗೇ ಅಂಟಿಕೊಂಡಿದ್ದುದು ಆಗ ಕೈಗೆ ಸಿಕ್ಕಿತು.

ವಾಪಸು ಬರುವಾಗ ದಾರಿಬದಿಯ ಹೋಟೆಲಿನಲ್ಲಿ ಅವಳು ಸೇಬಿನ ಪೈ ಬೇಕೆಂದಳು. ಇನ್ನೂ ಸಂಜೆ ನಾಲ್ಕು ಗಂಟೆಯಷ್ಟೇ. ಕಿಟಕಿಯ ಪಕ್ಕ ಕೂತರು. ಬಡಿಸುವವಳು ಎರಡು ತಟ್ಟೆ ಇಟ್ಟುಹೋದಳು. ಅಡೆಲಾ ಫೋರ್ಕಿನಿಂದ ತಟ್ಟೆಯ ಅಂಚು ಹುಡುಕಿಕೊಂಡು, "ನಡುವೆ ಯಾಕೆ ನಿಂತೆ?" ಎಂದಳು.

"ಅದನ್ನ ನಾನು ಯಾವತ್ತೂ ಓದಿರಲಿಲ್ಲ ಅಡೆಲಾ."

"ಸುಳ್ಳು ಹೇಳ್ತೀಯಾ?"

"ಇವತ್ತೇ ಮೊದಲು." ಆಮೇಲೆ ಅವನು ಹೇಳಿದ. ಹೇಗೆ ಶುರುಮಾಡಬೇಕೆಂದು ಎಷ್ಟೋ ವರ್ಷ ಯೋಚಿಸಿ ಇಟ್ಟುಕೊಂಡಿದ್ದ ಮಾತು ಒಂದೂ ಬರಲಿಲ್ಲ. "ಪಿಟ್ಸ್‌ಬರ್ಗಲ್ಲಿ ಹಿಮ ಬಿದ್ದಿರಲಿಲ್ಲ. ಕಾಗದ ನನ್ನ ಹತ್ರ ಇತ್ತು. ಹನ್ನೊಂದು ದಿನ. ನೀನು ಹೋಗಿಬಿಡ್ತೀಯ ಅಂತ."

ಅವಳ ಫೋರ್ಕು ನಿಂತಿತು. ಅವಳು ಮುಖ ತಿರುಗಿಸಲಿಲ್ಲ. ನೇರ ಅವನ ಕಡೆಗೇ ಇಟ್ಟಿದ್ದಳು, ಅಂದರೆ ಅವನನ್ನು ನೋಡಲು ಅವಳಿಗೆ ಇಷ್ಟವಿರಲಿಲ್ಲ. ಪಕ್ಕದ ಮೇಜಿನಲ್ಲಿ ಯಾರೋ ಬಿಲ್ಲಿಗೆ ಕೈ ಎತ್ತಿದರು. ಅವಳು, "ನನಗೆ ಗೊತ್ತೇ ಆಗಲಿಲ್ಲ," ಎಂದಳು, ಅವನಿಗಲ್ಲ, ತನಗೇ. "ಎಲ್ಲರ ಒಳಗೂ ಹೊಕ್ಕು ನೋಡ್ತಾಳೆ ಅಂತ ಬರೀತಾರೆ ನನ್ನ ಬಗ್ಗೆ. ಇನ್ನೂರು ಜನರ ಮುಂದೆ ನೀನು ಕಾಗದ ಕೊಟ್ಟ ಕತೆ ಹೇಳಿ ಬಂದೆ."

"ತಪ್ಪು ನಂದು ಕಣೇ."

"ನಿಂದೇ. ಅದನ್ನ ನನ್ನ ಹತ್ರ ಹಂಚ್ಕೋಬೇಡ." ಫೋರ್ಕು ಕೆಳಗಿಟ್ಟು ಕೇಳಿದಳು: "ಎರಡು ವರ್ಷದಿಂದ ನನ್ನ ಕಾಗದ ಎಲ್ಲಾ ನೀನೇ ಓದಿ ಹೇಳ್ತಿದ್ದೀಯ. ಎಲ್ಲಾನೂ ಓದಿದ್ದೀಯಾ? ಒಂದೂ ಬಿಡದೆ?"

ಹೌದು ಎಂದುಬಿಡಬಹುದಿತ್ತು. ನಾಲಿಗೆ ಅಲ್ಲಿಗೇ ಹೋಗಿತ್ತು. "ಒಂದು ಸಾಲು ಬಿಟ್ಟಿದ್ದೆ," ಎಂದ. "ಆಗಸ್ಟಲ್ಲಿ ಕಣ್ಣಿನ ಡಾಕ್ಟರು ಬರೆದಿದ್ದು. ಈಗ ಉಳಿದಿರೋ ಅಂಚೂ ಬರೋ ಬೇಸಿಗೆವರೆಗೆ ಇದ್ದರೆ ಹೆಚ್ಚು ಅಂತ."

"ಅದು ಗೊತ್ತು," ಎಂದಳು ಅಡೆಲಾ. "ದಿನಾ ಅಳೀತಿದೀನಿ. ಕಿಟಕಿ ಚಿಕ್ಕದಾಗ್ತಿದೆ." ಅವಳ ದನಿಯಲ್ಲಿ ಕೋಪವಿತ್ತೋ ದಣಿವಿತ್ತೋ ಅವನಿಗೆ ತಿಳಿಯಲಿಲ್ಲ. "ಇನ್ನೇನಿದೆ? ಹೇಳಿಬಿಡು. ಇವತ್ತೇ ಎಲ್ಲಾ."

"ಅಮ್ಮ."

"ಏನು ಅಮ್ಮ?"

"ದಿನಾ ಕೇಳ್ತಿದ್ದರು. ಗೇಟಲ್ಲಿ ನಿಂತು. ಮಗಳಿಗೆ ಏನಾದರೂ ಬಂತಾ ಅಂತ. ಏಳು ದಿನ. ಜೇಬಲ್ಲಿ ಇಟ್ಕೊಂಡೇ ಇಲ್ಲ ಅಂದೆ." ಎಂಟನೆಯ ದಿನದ್ದನ್ನೂ ಹೇಳಿದ, ಕೇಳುವವರಿಲ್ಲ ಎನ್ನಿಸಿದ್ದನ್ನೂ ಬಿಡಲಿಲ್ಲ.

ಅವಳು ಎದ್ದಳು. ಕೋಲಿಲ್ಲದೆ, ಮೇಜುಗಳ ಅಂಚು ಮುಟ್ಟಿಕೊಂಡು ಬಾಗಿಲ ಕಡೆ ನಡೆದಳು. ಹಿಡಿಯಲು ಬಂದ ಬಡಿಸುವವಳ ಕೈಯನ್ನು ಸರಿಸಿದಳು. ವೆಂಡೆಲ್ ಏಳಲಿಲ್ಲ, ಏಳುವ ಹಕ್ಕು ತನಗಿಲ್ಲ ಎನ್ನಿಸಿತು. ಗಾಜಿನಾಚೆ ಅವಳು ಕಾರಿಗೆ ಬೆನ್ನು ಕೊಟ್ಟು, ಮುಖವನ್ನು ಬಿಸಿಲಿಗೆ ಹಿಡಿದು ನಿಂತದ್ದು ಕಾಣುತ್ತಿತ್ತು. ಲಾರಿಗಳು ಹೋದಾಗಲೆಲ್ಲ ಅವಳ ಲಂಗ ಹಾರುತ್ತಿತ್ತು. ಇಷ್ಟು ವರ್ಷ ಹೋಗಿಬಿಡುತ್ತಾಳೆ ಎಂದು ಹೆದರಿದ್ದನಲ್ಲ, ಹೋಗುವುದೆಂದರೆ ಹೀಗೆ ಹದಿನೈದು ಅಡಿ ದೂರವೂ ಆಗಿರಬಹುದು ಎಂದು ಅವನಿಗೆ ಹೊಳೆದಿರಲಿಲ್ಲ. ಎರಡೂ ತಟ್ಟೆಗಳು ಹಾಗೇ ಇದ್ದವು. ಬಡಿಸುವವಳು ಬಂದು, "ಅವರಿಗೆ ಹುಷಾರಿಲ್ವಾ?" ಎಂದಳು. ಅವನು ತಲೆಯಾಡಿಸಿದ, ಹೌದೆಂದೋ ಇಲ್ಲವೆಂದೋ.

ಎಷ್ಟು ಹೊತ್ತಾಯಿತೋ, ಬಾಗಿಲ ಗಂಟೆ ಸದ್ದಾಯಿತು. ಅವಳು ಅದೇ ದಾರಿಯಲ್ಲಿ ಮೇಜುಗಳನ್ನು ಮುಟ್ಟುತ್ತ ವಾಪಸು ಬಂದು ಎದುರಿಗೆ ಕೂತಳು. ಕಣ್ಣು ಒದ್ದೆಯಾಗಿತ್ತು, ಆದರೆ ಮುಖ ಅವನಿಗೆ ಗೊತ್ತಿದ್ದ ಮುಖವೇ, ಬೆಳಿಗ್ಗೆ ಬರೆಯಲು ಕೂತಾಗ ಇರುತ್ತಿದ್ದದ್ದು.

"ಕ್ಷಮಿಸಿದೆ ಅಂತ ತಿಳ್ಕೋಬೇಡ," ಎಂದಳು. "ಅದು ಯಾವಾಗ ಆಗುತ್ತೋ ನನಗೇ ಗೊತ್ತಿಲ್ಲ."

"ಹೂಂ."

"ಆ ವಾರ ನಾನು ಅಮ್ಮನ ಮುಖ ನೋಡಲಿಲ್ಲ. ಎರಡು ಪಾಳಿ ಮಾಡಿ, ಅವಳು ಮಲಗಿದ ಮೇಲೆ ಬರ್ತಿದ್ದೆ. ಹಬ್ಬದ ಕೆಲಸ ಮುಗಿದ ಮೇಲೆ ಹೋದರಾಯ್ತು ಅಂತಿದ್ದೆ. ಮೂವತ್ತೊಂದು ವರ್ಷದಿಂದ ಆ ವಾರ ಬರೀಬೇಕು ಅಂತ ಕೂತ್ಕೊಳ್ತೀನಿ, ಒಂದು ಸಾಲೂ ಬರಲ್ಲ. ನಾನು ಅಲ್ಲಿರಲಿಲ್ಲ, ನೋಡು." ಅವಳು ನಿಧಾನವಾಗಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. "ನೀನು ಇದ್ದೆ. ಏನು ಹಾಕ್ಕೊಂಡಿದ್ದಳು?"

"ಯಾವತ್ತು?"

"ಏಳೂ ದಿನ."

ಅವನಿಗೆ ನೆನಪಿತ್ತು. ಎಲ್ಲವೂ ನೆನಪಿತ್ತು, ತಪ್ಪು ಮಾಡಿದವನಿಗೆ ಇರುವ ಹಾಗೆ, ಒಂದು ಎಳೆಯೂ ಸವೆಯದೆ. "ಕಂದು ಸ್ವೆಟರು. ಗುಂಡಿ ಒಂದು ಕಾಜ ತಪ್ಪಿ ಹಾಕ್ಕೊಂಡಿದ್ದರು. ಮುಂಗೈ ಮೇಲೆ ಹೊಸದಾಗಿ ಸುಟ್ಟ ಗಾಯ, ಅದಕ್ಕೆ ಬೆಣ್ಣೆ ಹಚ್ಚಿದ್ದರು. ಏಳನೇ ದಿನ ನಾನು ಇಲ್ಲ ಅಂದಾಗ, 'ನಿನ್ನ ಚೀಲ ದೊಡ್ಡದಲ್ಲವೇನಯ್ಯಾ, ತಳದಲ್ಲೆಲ್ಲೋ ಇರುತ್ತೆ, ಸೋಮಾರಿ, ಸರಿಯಾಗಿ ನೋಡು' ಅಂದರು."

ಅಡೆಲಾಳ ಬಾಯಿಂದ ಒಂದು ಸದ್ದು ಬಂತು. ನಗುವೇ ಅದು. "ಸೋಮಾರಿ ಅಂದಳಾ? ಅವಳೇ! ಅವಳೇ ಕಣೋ!" ಎಂದು ಮೇಜನ್ನು ತಟ್ಟಿದಳು, ತಟ್ಟುತ್ತಲೇ ಅಳತೊಡಗಿದಳು, ಅಂಗೈಯಿಂದ ಬಾಯಿ ಮುಚ್ಚಿಕೊಂಡು. ಅವನು ಕೈ ಚಾಚಿ, ಮುಟ್ಟದೆ, ಅವಳ ತಟ್ಟೆಯ ಪಕ್ಕದಲ್ಲಿ ಇಟ್ಟ. ಅವಳು ಅದನ್ನು ಹಿಡಿದುಕೊಳ್ಳಲಿಲ್ಲ, ಸರಿಸಲೂ ಇಲ್ಲ. ಬಡಿಸುವವಳು ಬಿಲ್ಲು ಹಿಡಿದುಕೊಂಡು ಬಂದವಳು ಅರ್ಧದಲ್ಲೇ ನಿಂತು ಹಿಂದಕ್ಕೆ ಹೋದಳು.

ಅಡೆಲಾ ಮೂಗು ಒರೆಸಿಕೊಂಡಳು. "ಹೀಗೆ ಹಿಂದುಮುಂದಾಗಿ ಹೇಳಬೇಡ," ಎಂದಳು. "ಮೊದಲಿನಿಂದ ಹೇಳು. ಅವಳು ಗೇಟಿಗೆ ಬಂದಲ್ಲಿಂದ. ಏನನ್ನೂ ಬಿಡಬೇಡ."

ವೆಂಡೆಲ್ ಉಸಿರೆಳೆದುಕೊಂಡ.

"ಮೊದಲನೇ ದಿನ ಬಿಸಿಲಿತ್ತು," ಎಂದ.